ಏರು, ಗಾಳಿ, ಕುಲುಕು

ಕೇಳುಗರಿಗೆ ನಮಸ್ಕಾರ.

ಆಷಾಢದಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸೈಕಲ್ ತುಳಿದವರಿಗೆ ಗೊತ್ತಿರುತ್ತದೆ. ಹೋಗುವಾಗ ಗಾಳಿ ಬೆನ್ನಿಗೆ, ಬರುವಾಗ ಎದೆಗೆ. ಭರಮಸಾಗರದವರೆಗೂ ಸೈಕಲ್ ತಾನೇ ಓಡಿದ ಹಾಗಿರುತ್ತದೆ. ವಾಪಸ್ ಬರುವಾಗ ಅದೇ 60 ಕಿಲೋಮೀಟರು ಮುಗಿಯುವುದೇ ಇಲ್ಲ. ದುರ್ಗದ ಬೆಟ್ಟಗಳ ಮೇಲೆ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ, ಅಲ್ವಾ? ಅಲ್ಲಿಂದ ಜೋಗಿಮಟ್ಟಿ ಏರು ಹತ್ತಿದರೆ ತೊಡೆ ಉರಿಯುತ್ತದೆ. ಸರ್ವಿಸ್ ರಸ್ತೆಗೆ ಇಳಿದರೆ ಹಂಪು, ಗುಂಡಿ.

ಏರು, ಗಾಳಿ, ಕುಲುಕು. ದೊಡ್ಡ ಕಂಪನಿಗಳ ರೋಡ್ ಬೈಕುಗಳೆಲ್ಲ, ಅಂದರೆ ಡಾಂಬರು ರಸ್ತೆಯಲ್ಲಿ ವೇಗವಾಗಿ ತುಳಿಯುವ ಸೈಕಲ್‌ಗಳೆಲ್ಲ, ಈ ಮೂರರಲ್ಲಿ ಒಂದನ್ನು ಗೆಲ್ಲಲು ಹುಟ್ಟಿದವು. ಇವತ್ತು ತೈವಾನಿನ ಜೈಂಟ್ ಕಂಪನಿಯ ಸೈಕಲ್‌ಗಳನ್ನೇ ಇಟ್ಟುಕೊಂಡು ಮಾತಾಡುತ್ತೇನೆ.

ಕಂಪನಿಯನ್ನು 1972ರಲ್ಲಿ ಶುರು ಮಾಡಿದವರು ಕಿಂಗ್ ಲಿಯು. ಮೊದಮೊದಲು ಅಮೆರಿಕದ ಶ್ವಿನ್‌ನಂಥ ಬೇರೆ ಹೆಸರಿಗೆ ಸೈಕಲ್ ಮಾಡಿಕೊಡುತ್ತಿದ್ದರು. ಇದೇ ಲಿಯು 2007ರಲ್ಲಿ, 73ನೇ ವಯಸ್ಸಿನಲ್ಲಿ, ಸೈಕಲ್ ಮೇಲೆ ತೈವಾನ್ ಸುತ್ತಿ ಬಂದರು. 15 ದಿನ, 927 ಕಿಲೋಮೀಟರು. ತಾನು ಮಾಡಿದ್ದನ್ನು ತಾನೇ ತುಳಿದು ನೋಡುವ ಯಜಮಾನರನ್ನು ಕಂಡರೆ ನನಗೆ ತುಂಬಾ ಗೌರವ.

ಏರಿನ ಸೈಕಲ್ ಅಂದರೆ ಟಿಸಿಆರ್. ಇದರ ಕತೆ ನಮಗೆ ಹತ್ತಿರದ್ದು. ಚಿಕ್ಕವರಿದ್ದಾಗ ನಾವೆಲ್ಲ ಅಪ್ಪನ ಸೈಕಲ್‌ನಲ್ಲಿ ಒಳಪೆಡಲ್ ಹೊಡೆದವರು. ಅಡ್ಡ ಪೈಪು ನೆಲಕ್ಕೆ ಸಮನಾಗಿ, ನಮ್ಮ ಎದೆಮಟ್ಟಕ್ಕೆ ಇರುತ್ತಿತ್ತು. ಕಾಲು ಆಚೆ ಹಾಕಲು ಆಗುತ್ತಿರಲಿಲ್ಲ. ರೇಸ್ ಸೈಕಲ್‌ಗಳಲ್ಲೂ ಆ ಪೈಪು ಬಹುಕಾಲ ಹಾಗೇ ಇತ್ತು. 1990ರ ದಶಕದಲ್ಲಿ ಮೈಕ್ ಬರೋಸ್ ಎಂಬ ಇಂಗ್ಲೆಂಡಿನ ಇಂಜಿನಿಯರ್ ಜೈಂಟ್‌ಗಾಗಿ ಅದನ್ನು ಸೀಟಿನ ಕಡೆಗೆ ಇಳಿಜಾರು ಮಾಡಿದರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕ್ರಿಸ್ ಬೋರ್ಡ್‌ಮನ್ ಚಿನ್ನ ಗೆದ್ದ ಲೋಟಸ್ ಸೈಕಲ್ಲಿನ ಹಿಂದೆಯೂ ಇವರದೇ ತಲೆ. ಪೈಪು ಇಳಿದದ್ದರಿಂದ ಫ್ರೇಮ್ ಚಿಕ್ಕದಾಯಿತು. ತೂಕ ಇಳಿಯಿತು. ಗಿಡ್ಡ ಪೈಪು ಬಾಗುವುದೂ ಕಡಿಮೆ. ಸೀಟಿನ ಕಂಬ ಮೇಲೆ ಕೆಳಗೆ ಮಾಡಿಕೊಂಡರೆ ಒಂದೇ ಅಳತೆಯ ಫ್ರೇಮು ಹಲವರಿಗೆ ಹೊಂದುತ್ತದೆ. 1998ರಲ್ಲಿ ಸ್ಪೇನಿನ ಒನ್ಸೆ ತಂಡ ಇದನ್ನೇ ಹತ್ತಿ ರೇಸಿಗೆ ಇಳಿಯಿತು. ಇವತ್ತು ಯಾವ ಕಂಪನಿಯ ರೋಡ್ ಬೈಕ್ ನೋಡಿದರೂ ಆ ಇಳಿಜಾರು ಕಾಣುತ್ತದೆ.

ಗಾಳಿಗೆ ಪ್ರೊಪೆಲ್. 2013ರಲ್ಲಿ ಬಂತು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟು. ಅದಕ್ಕೇ ಇದರ ಪೈಪುಗಳು ಗಾಳಿ ಜಾರಿಹೋಗುವ ಆಕಾರದಲ್ಲಿವೆ. ಆದರೆ ಗಾಳಿ ಜಾಸ್ತಿ ತಡೆಯುವುದು ನಮ್ಮ ಮೈಯನ್ನು. ಹ್ಯಾಂಡಲ್‌ನ ಕೆಳಗಿನ ಬಾಗು ಹಿಡಿದು ಮೊಣಕೈ ಮಡಚಿದರೆ ಸಿಗುವ ಲಾಭಕ್ಕೆ ದುಡ್ಡು ಕೊಡಬೇಕಿಲ್ಲ.

ಕುಲುಕಿಗೆ ಡಿಫೈ. ನನ್ನ ಮನಸ್ಸು ಇದರ ಕಡೆಗೇ. ಸೀಟಿನ ಕಂಬವನ್ನು ಅಡ್ಡ ಕೊಯ್ದು ನೋಡಿದರೆ ಇಂಗ್ಲಿಷಿನ ಡಿ ಅಕ್ಷರದ ಹಾಗಿದೆ. ಹಿಂಭಾಗ ಚಪ್ಪಟೆ. ಗುಂಡಿಗೆ ಬಿದ್ದಾಗ ಕಂಬ ಹಿಂದಕ್ಕೆ ಒಂಚೂರು ಬಾಗಿ ಪೆಟ್ಟನ್ನು ನುಂಗುತ್ತದೆ. ಈಚಿನ ಡಿಫೈಗೆ 38 ಮಿಲಿಮೀಟರ್ ಅಗಲದ ಟಯರ್ ಕೂಡ ಹಿಡಿಯುತ್ತದೆ. ಹಿಂದೆ ರೇಸ್ ಟಯರ್ ಅಂದರೆ 23. ಕಲ್ಲಿನ ಹಾಗೆ ಗಾಳಿ ತುಂಬುತ್ತಿದ್ದರು. ನಾನೂ ಹಾಗೇ ತುಂಬಿಕೊಂಡು ಓಡಿಸಿದವನು. ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆ ಮೇಲೆ ಮೆಕ್ಕೆಜೋಳ ಒಣಹಾಕುತ್ತಾರಲ್ಲ, ಒಂದು ಬೆಳಿಗ್ಗೆ ಆ ರಾಶಿಯ ಅಂಚಿಗೆ ಚಕ್ರ ಸಿಕ್ಕಿತು. ಕಾಳು ಗೋಲಿಯ ಹಾಗೆ ಉರುಳಿತು, ನಾನು ಮೊಣಕೈ ಊರಿ ಬಿದ್ದೆ. ಚರ್ಮದೊಳಗೆ ಜೋಳದ ಸಿಪ್ಪೆ ಅಂಟಿತ್ತು. ಒಕ್ಕಲು ಮಾಡುತ್ತಿದ್ದ ಅಜ್ಜಿ ತಂಬಿಗೆ ನೀರು ತಂದು ತೊಳೆದರು. ಆವತ್ತಿನಿಂದ 32ರ ಟಯರ್, ಗಾಳಿಯೂ ಕಮ್ಮಿ. ವೇಗವೇನೂ ಕಡಿಮೆಯಾದಂತೆ ಅನ್ನಿಸಿಲ್ಲ, ಕೈ ಜುಮ್ಮೆನ್ನುವುದು ನಿಂತಿದೆ.

ಕೈಗೆಟಕುವ ಬೆಲೆಗೆ ಅಲ್ಯೂಮಿನಿಯಂನ ಕಂಟೆಂಡ್ ಇದೆ. ಮೊದಲ ರೋಡ್ ಬೈಕಿಗೆ ಅದು ಧಾರಾಳವಾಗಿ ಸಾಕು. ಮಾದರಿಯ ಹೆಸರಿನ ಕೊನೆಯ ಅಂಕಿ ಚಿಕ್ಕದಾದಷ್ಟೂ ಗೇರು, ಬ್ರೇಕು ಮೇಲ್ದರ್ಜೆಯವು. ಒಂದೇ ಸಾಲಿನ ಮಾದರಿಗಳಲ್ಲಿ ಸೊನ್ನೆ ಎಲ್ಲಕ್ಕಿಂತ ದುಬಾರಿ. ಟಿಸಿಆರ್ ಅಡ್ವಾನ್ಸ್ಡ್ ಎಸ್‌ಎಲ್‌ನಲ್ಲಿ ಸೀಟಿನ ಕಂಬ ಫ್ರೇಮಿನದೇ ಭಾಗ. ನಿಮ್ಮ ಕಾಲಿನ ಉದ್ದಕ್ಕೆ ಗರಗಸದಲ್ಲಿ ಕೊಯ್ಯಬೇಕು. ಸೆಕೆಂಡ್ ಹ್ಯಾಂಡ್ ಸಿಕ್ಕಿತೆಂದು ಕೊಳ್ಳುವ ಮುಂಚೆ ಹಿಂದಿನವರು ಎಷ್ಟು ಕೊಯ್ಸಿದ್ದಾರೆ ಅಂತ ಅಳೆದು ನೋಡಿ.

ಅಂಗಡಿಯಲ್ಲಿ ಸೈಕಲ್ ಮುಟ್ಟುವ ಮೊದಲು ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿಯಿಂದ ನೆಲದವರೆಗೆ ಅಳೆಸಿಕೊಳ್ಳಿ. ನನಗೆ ಮೊದಲ ಸಲ ಒಂದು ಅಳತೆ ದೊಡ್ಡದು ಕೊಟ್ಟಿದ್ದರು. "ಒಗ್ಗಿಹೋಗುತ್ತೆ ಬಿಡಿ ಸರ್" ಅಂದರು. ಎಂಟು ತಿಂಗಳು ಕತ್ತು ನೋಯಿಸಿಕೊಂಡೆ, ಒಗ್ಗಲಿಲ್ಲ. ಕೊನೆಗೆ ಮಾರಿದೆ. ಈಗಿನದರಲ್ಲಿ ಅಡ್ಡ ಪೈಪಿನ ಮೇಲೆ ಕಾಲು ಚಾಚಿ ನಿಂತರೆ ಮೂರು ಬೆರಳು ಜಾಗ ಉಳಿಯುತ್ತದೆ. ಹೋದ ಭಾನುವಾರ ಎದುರುಗಾಳಿಯಲ್ಲೇ ದುರ್ಗದಿಂದ ವಾಪಸ್ ಬಂದೆ. ಕತ್ತು ನೋಯಲಿಲ್ಲ.

ನಮಸ್ಕಾರ.