ನಾರ್ವೆಯಿಂದ ಗುಳೆ ಹೋದ ಮರದ ಚರ್ಚು

ಎಲ್ಲರಿಗೂ ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವ ಚರ್ಚು ಇರುವುದು ಪೋಲೆಂಡಿನ ದಕ್ಷಿಣ ಗಡಿಯ ಕಾರ್ಪಾಚ್‌ನಲ್ಲಿ, ಸುಮಾರು 885 ಮೀಟರ್ ಎತ್ತರದಲ್ಲಿ. ಕಟ್ಟಿದ್ದು ಮಾತ್ರ ಅಲ್ಲಲ್ಲ. ನಾರ್ವೆಯ ವಾಂಗ್ ಎಂಬ ಹಳ್ಳಿಯಲ್ಲಿ, 1200ರ ಆಸುಪಾಸಿನಲ್ಲಿ.

ಇದು ಸ್ಟೇವ್ ಚರ್ಚ್ ಮಾದರಿಯದು, ಅಂದರೆ ನೇರ ನಿಲ್ಲಿಸಿದ ಮರದ ಕಂಬಗಳ ಚೌಕಟ್ಟಿನ ಮೇಲೆ ನಿಲ್ಲುವಂಥದ್ದು. ಹಳೆಯ ಬಡಗಿಗಳು ಕಂಬವನ್ನು ಮಣ್ಣಲ್ಲಿ ಹೂಳುತ್ತಿದ್ದರು, ಬುಡ ಕೊಳೆಯುತ್ತಿತ್ತು. ಆಮೇಲಿನವರು ಕಲ್ಲಿನ ಮೇಲೆ ಅಡ್ಡತೊಲೆ ಹಾಸಿ, ಅದರ ಮೇಲೆ ಕಂಬ ನಿಲ್ಲಿಸಿದರು. ಅಷ್ಟಕ್ಕೇ ಕಟ್ಟಡಗಳ ಆಯಸ್ಸು ನೂರಾರು ವರ್ಷ ಹೆಚ್ಚಿತು! ಪೈನ್ ಮರ, ಮೇಲೆ ಟಾರಿನ ಲೇಪ. ಜೋಡಣೆಯಲ್ಲಿ ಮೊಳೆಗಿಂತ ಕಚ್ಚು ಮತ್ತು ಮರದ ಗೂಟಗಳನ್ನೇ ನಂಬಿದ ಕೆಲಸ. ಈಗ ಬಾಗಿಲವಾಡವನ್ನು ಹತ್ತಿರದಿಂದ ನೋಡಿ. ಬಳ್ಳಿ ಎಲ್ಲಿ ಮುಗಿಯಿತು, ಹಾವಿನಂಥ ಡ್ರ್ಯಾಗನ್ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ದೇವರ ಮನೆಯ ಹೊಸ್ತಿಲಲ್ಲಿ ಇವಕ್ಕೇನು ಕೆಲಸ ಎಂಬುದರ ಬಗ್ಗೆ ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ, ಆಡಲಿ ಬಿಡಿ.

ಕಟ್ಟುವಾಗ ಅದು ಕ್ಯಾಥೊಲಿಕ್ ಚರ್ಚು. 1537ರಲ್ಲಿ ಡೆನ್ಮಾರ್ಕಿನ ದೊರೆ ನಾರ್ವೆಯಲ್ಲಿ ಲೂಥರನ್ ಪಂಥವನ್ನು, ಅಂದರೆ ಮಾರ್ಟಿನ್ ಲೂಥರನ ಪ್ರಾಟೆಸ್ಟಂಟ್ ಪಂಥವನ್ನು, ಜಾರಿಗೆ ತಂದ ಮೇಲೆ ಊರಿನ ಜೊತೆ ಚರ್ಚೂ ಲೂಥರನ್ ಆಯಿತು. ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಊರವರಿಗೆ ಜಾಗ ಸಾಲದು, ಮರ ಶಿಥಿಲ. ಹೊಸದು ಕಟ್ಟಿ ಹಳೆಯದನ್ನು ಮಾರಲು ಹೊರಟರು. ಅವರನ್ನು ಬೈಯುವುದು ಸುಲಭ, ಆದರೆ ನನಗೆ ಮನಸ್ಸಿಲ್ಲ. ಚಳಿಗೆ ನಡುಗುತ್ತಾ ಕೂರಬೇಕಾದವರು ಅವರು, ನಾವಲ್ಲ.

ಡ್ರೆಸ್ಡೆನ್‌ನಲ್ಲಿ ಪ್ರಾಧ್ಯಾಪಕನಾಗಿದ್ದ ನಾರ್ವೆಯ ಚಿತ್ರಕಾರ ಯೋಹಾನ್ ಕ್ರಿಸ್ಟಿಯಾನ್ ಡಾಲ್‌ಗೆ ಇದು ಸಹಿಸಲಾಗಲಿಲ್ಲ. ತನ್ನ ದೇಶದಲ್ಲಿ ಕೊಳ್ಳುವವರು ಸಿಗದೆ, 1841ರಲ್ಲಿ ಪ್ರಷ್ಯ ಎಂಬ ಅಂದಿನ ಜರ್ಮನ್ ರಾಜ್ಯದ ದೊರೆ ನಾಲ್ಕನೇ ಫ್ರೆಡ್ರಿಕ್ ವಿಲ್ಹೆಲ್ಮ್‌ನಿಂದ ಕೊಳ್ಳಿಸಿದ. ವಾಸ್ತುಶಿಲ್ಪಿ ಶಿರ್ಟ್ಸ್ ಅಳತೆ ತೆಗೆದು ನಕ್ಷೆ ಬರೆದ ಮೇಲೆ ಚರ್ಚನ್ನು ಬಿಚ್ಚಿದರು. ತುಂಡುಗಳು ಹಡಗಿನಲ್ಲಿ ಶ್ಟೆಟಿನ್ ಬಂದರಿಗೆ, ಅಲ್ಲಿಂದ ಬರ್ಲಿನ್‌ಗೆ. ದೊರೆಗೆ ಅದನ್ನು ಬರ್ಲಿನ್ ಬಳಿಯ ನವಿಲುದ್ವೀಪದಲ್ಲಿ ನಿಲ್ಲಿಸುವ ಆಸೆಯಿತ್ತು. ನಿಂತಿದ್ದರೆ ಅದೊಂದು ಉದ್ಯಾನದ ಆಟಿಕೆ ಆಗುತ್ತಿತ್ತು, ಅಷ್ಟೆ.

ತಡೆದವಳು ಆಗ ಪ್ರಷ್ಯಕ್ಕೆ ಸೇರಿದ್ದ ಸೈಲೀಸಿಯದ ಕೌಂಟೆಸ್ ಫ್ರೀಡರಿಕೆ ಫಾನ್ ರೇಡನ್. 1837ರಲ್ಲಿ ಆಸ್ಟ್ರಿಯದ ಟಿರೋಲ್‌ನಿಂದ ಹೊರದೂಡಿಸಿಕೊಂಡ ನಾಲ್ಕು ನೂರಕ್ಕೂ ಹೆಚ್ಚು ಲೂಥರನ್ನರಿಗೆ ಅದೇ ಸೀಮೆಯಲ್ಲಿ ನೆಲೆ ಕಲ್ಪಿಸಲು ಓಡಾಡಿದವಳೂ ಇವಳೇ. ಈಗ ಕಾರ್ಪಾಚ್‌ಗೆ ಸೇರಿರುವ ಬ್ರುಕೆನ್‌ಬರ್ಗ್ ಎಂಬ ಬೆಟ್ಟದ ಹಳ್ಳಿಯವರಿಗೆ ಚರ್ಚು ದೂರ. ಇದನ್ನು ಅವರಿಗೇ ಕೊಡಿ ಎಂದು ದೊರೆಯನ್ನು ಒಪ್ಪಿಸಿದಳು. 1842ರ ಆಗಸ್ಟ್ 2ರಂದು ಅಡಿಗಲ್ಲು, 1844ರ ಜುಲೈ 28ರಂದು ದೊರೆಯ ಎದುರಿನಲ್ಲೇ ಪ್ರತಿಷ್ಠೆ. ಕೊಳೆತ ತುಂಡುಗಳ ಬದಲು ಹೊಸ ಮರ ಬಂತು. ಹಿಮಗಾಳಿ ತಡೆಯಲು ಪಕ್ಕದಲ್ಲಿ ಕಲ್ಲಿನ ಗಂಟೆಗೋಪುರ ಎದ್ದಿತು. ಹಾಗಾಗಿ ನೀವು ನೋಡುತ್ತಿರುವುದರಲ್ಲಿ ಬಹಳಷ್ಟು ಹತ್ತೊಂಬತ್ತನೇ ಶತಮಾನದ್ದು. ಬಾಗಿಲವಾಡ, ಕಂಬಗಳ ಕೆತ್ತನೆ ಹಳೆಯವು. ಅದೇ 1844ರಲ್ಲಿ ನಾರ್ವೆಯಲ್ಲಿ ಪ್ರಾಚೀನ ಕಟ್ಟಡಗಳನ್ನು ಉಳಿಸುವ ಸಂಘ ಹುಟ್ಟಿತು, ಅದರ ಹಿಂದೆಯೂ ಡಾಲ್ ಇದ್ದ. ಅಲ್ಲಿ ಇವತ್ತು ಉಳಿದಿರುವ ಸ್ಟೇವ್ ಚರ್ಚುಗಳು 28. ವಾಂಗ್‌ನದು ಆ ಲೆಕ್ಕದಲ್ಲಿಲ್ಲ.

1945ರ ನಂತರ ಸೈಲೀಸಿಯ ಪೋಲೆಂಡಿಗೆ ಸೇರಿ, ಜರ್ಮನ್ನರನ್ನು ಹೊರಹಾಕಲಾಯಿತು. ಬಂದು ನೆಲೆಸಿದವರು ಹೆಚ್ಚಾಗಿ ಕ್ಯಾಥೊಲಿಕರು. ಅಲ್ಲಿನ ಎಷ್ಟೋ ಲೂಥರನ್ ಚರ್ಚುಗಳು ಕೈ ಬದಲಾದವು, ಇಲ್ಲವೇ ಹಾಳುಬಿದ್ದವು. ಇದು ಮಾತ್ರ ಲೂಥರನ್ನರ ಬಳಿಯೇ ಉಳಿಯಿತು. ಪೋಲಿಷ್ ಕವಿ ತಾದೇವುಶ್ ರುಜೆವಿಚ್ ತನ್ನ ಸಮಾಧಿಗೆ ಆರಿಸಿಕೊಂಡಿದ್ದು ಇದೇ ಅಂಗಳವನ್ನು. 2014ರಲ್ಲಿ ಅಲ್ಲೇ ಮಣ್ಣು ಮಾಡಿದರು. ಪ್ರವಾಸಿಗರು ಟಿಕೆಟ್ ಕೊಂಡು ಒಳಗೆ ಹೋಗುತ್ತಾರೆ, ಭಾನುವಾರದ ಆರಾಧನೆ ಈಗ ಪೋಲಿಷ್ ಭಾಷೆಯಲ್ಲಿ ನಡೆಯುತ್ತದೆ. ಜೋಡಣೆಯ ಬಗ್ಗೆ ಕೇಳುವವರಿದ್ದರೆ ಕೇಳಿ, ಕಂಬದ ಚಿತ್ರಗಳು ಇನ್ನೂ ಇವೆ.