ಏಳು ಪದರಗಳಿಗಿಂತ ಮೊದಲು ಒಂದು ಫ್ರೇಮ್

ಸಹೋದ್ಯೋಗಿಗಳೇ,

ಕಂಪ್ಯೂಟರ್ ಜಾಲದ ಕೆಲಸವನ್ನು ಹಂತಗಳಾಗಿ ವಿಂಗಡಿಸುವ ಓಎಸ್‌ಐ ಮಾದರಿಯ ಏಳು ಪದರಗಳನ್ನು ಹೇಳಿ ಎಂದರೆ ನಮ್ಮ ವಿದ್ಯಾರ್ಥಿಗಳು ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ತಡವರಿಸದೆ ಒಪ್ಪಿಸುತ್ತಾರೆ. ಅವರ ಮುಂದೆಯೇ ಎರಡು ಕಂಪ್ಯೂಟರು, ಅವುಗಳನ್ನು ಜೋಡಿಸುವ ಒಂದು ಸ್ವಿಚ್ಚು ಇಟ್ಟು, ‘ಇವೆರಡರ ನಡುವೆ ಸಂಪರ್ಕ ಸಿಗುತ್ತಿಲ್ಲ, ಏಕೆಂದು ನೋಡಿ’ ಎನ್ನಿ. ಕೇಬಲ್ ಕಿತ್ತು ಮತ್ತೆ ಸಿಕ್ಕಿಸುತ್ತಾರೆ, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ, ಆಮೇಲೆ ನಮ್ಮ ಮುಖ ನೋಡುತ್ತಾರೆ. ಇದರಲ್ಲಿ ಅವರ ದೋಷವೇನೂ ಇಲ್ಲ. ನಾವು ಪಾಠ ಮಾಡುವ ಕ್ರಮವೇ ಹಾಗಿದೆ.

ಲ್ಯಾನ್, ಅಂದರೆ ಸ್ಥಳೀಯ ಜಾಲದ ಪಾಠದ ಬಗ್ಗೆ ಇಂದು ನಾನು ಹೇಳಹೊರಟಿರುವುದು ಇಷ್ಟೇ: ಪದರಗಳ ಚಿತ್ರವನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ತಂತಿಯ ಮೇಲೆ ಹೋಗುವ ಒಂದೇ ಒಂದು ಫ್ರೇಮನ್ನು, ಅಂದರೆ ಮಾಹಿತಿಯ ಒಂದು ಕಂತೆಯನ್ನು, ಮುಂದಕ್ಕೆ ತನ್ನಿ. ಪದರಗಳು ಆಮೇಲೆ ತಾವಾಗಿಯೇ ಅರ್ಥವಾಗುತ್ತವೆ.

ಮೊದಲ ತರಗತಿಗೆ ಎರಡು ಯಂತ್ರ, ಒಂದು ಸ್ವಿಚ್ಚು ಸಾಕು. ಎರಡೂ ಕಡೆ ಎಆರ್‌ಪಿ ಪಟ್ಟಿಯನ್ನು (ಯಾವ ಐಪಿ ವಿಳಾಸಕ್ಕೆ ಯಾವ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್ ಕಾರ್ಡಿನ ವಿಳಾಸ, ಎಂಬ ಪಟ್ಟಿ) ಖಾಲಿ ಮಾಡಿ, ಒಂದರಲ್ಲಿ ಫ್ರೇಮ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ತೆರೆದಿಟ್ಟು, ಅದರಿಂದಲೇ ಇನ್ನೊಂದಕ್ಕೆ ಒಂದೇ ಒಂದು ಪಿಂಗ್, ಅಂದರೆ ‘ಇದ್ದೀಯಾ?’ ಎಂದು ಕೇಳುವ ಸಂದೇಶ, ಕಳುಹಿಸಲು ಹೇಳಿ. ಪಿಂಗ್ ಮೊದಲು ಕಾಣುತ್ತದೆಂದು ಎಲ್ಲರೂ ಕಾಯುತ್ತಾರೆ. ಕಾಣುವುದು ಮಾತ್ರ ಒಂದು ಎಆರ್‌ಪಿ ಪ್ರಶ್ನೆ: ‘ಈ ಐಪಿ ವಿಳಾಸ ಯಾರದು? ನನಗೆ ತಿಳಿಸಿ.’ ಅದು ಹೊರಟಿರುವುದು ನಲವತ್ತೆಂಟು ಬಿಟ್‌ಗಳೂ 1 ಆಗಿರುವ ವಿಳಾಸಕ್ಕೆ, ಅಂದರೆ ಜಾಲದಲ್ಲಿರುವ ಎಲ್ಲರಿಗೂ. ಉತ್ತರ ಮಾತ್ರ ಕೇಳಿದವರೊಬ್ಬರಿಗೇ ಬರುತ್ತದೆ. ಪಿಂಗ್ ಹೊರಡುವುದು ಅದಾದ ಮೇಲೆ. ಐಪಿ ವಿಳಾಸ ಇರುವಾಗ ಮ್ಯಾಕ್ ವಿಳಾಸ ಏಕೆ ಬೇಕು ಎಂಬ ಹಳೆಯ ಪ್ರಶ್ನೆಗೆ ಅರ್ಧ ಗಂಟೆಯ ವಿವರಣೆ ಕೊಡಬೇಕಿಲ್ಲ, ಉತ್ತರ ಪರದೆಯ ಮೇಲೇ ಇರುತ್ತದೆ.

ಇಲ್ಲಿ ಗಡಿಬಿಡಿ ಮಾಡಬೇಡಿ. ಆ ಎರಡು ಫ್ರೇಮ್‌ಗಳ ಉದ್ದವನ್ನು ಓದಲು ಹೇಳಿ. ಹೊರಟ ಪ್ರಶ್ನೆ 42 ಬೈಟ್, ಬಂದ ಉತ್ತರ 60 ಬೈಟ್. ಒಳಗಿರುವ ಮಾಹಿತಿ ಎರಡರಲ್ಲೂ 28 ಬೈಟ್, ತಂತಿಯ ಲ್ಯಾನ್‌ಗಳ ಪದ್ಧತಿಯಾದ ಈಥರ್‌ನೆಟ್‌ನ ಶಿರೋಭಾಗ ಎರಡರಲ್ಲೂ 14. ಹಾಗಾದರೆ ಉಳಿದ 18 ಬೈಟ್ ಎಲ್ಲಿಂದ ಬಂತು? ಪುಸ್ತಕವೋ ಈಥರ್‌ನೆಟ್‌ನ ಕನಿಷ್ಠ ಫ್ರೇಮ್ 64 ಬೈಟ್ ಎನ್ನುತ್ತದೆ, ಇಲ್ಲಿ ಎರಡೂ ಅಷ್ಟಿಲ್ಲ! ತರಗತಿ ಎಚ್ಚೆತ್ತುಕೊಳ್ಳುವುದು ಇಂಥ ಕಡೆ. ಹೊರಡುವ ಫ್ರೇಮನ್ನು ವೈರ್‌ಶಾರ್ಕ್ ಹಿಡಿಯುವುದು ಅದು ನೆಟ್‌ವರ್ಕ್ ಕಾರ್ಡನ್ನು ತಲುಪುವ ಮೊದಲೇ. ಸೊನ್ನೆಗಳನ್ನು ತುಂಬಿ ಕನಿಷ್ಠ ಉದ್ದಕ್ಕೆ ಎಳೆಯುವ ಕೆಲಸ ಆಮೇಲೆ ನಡೆಯುತ್ತದೆ. ಬರುವ ಫ್ರೇಮಿನಲ್ಲಿ ಆ ಸೊನ್ನೆಗಳು ಕಾಣುತ್ತವೆ, ಆದರೆ ಕೊನೆಯ 4 ಬೈಟ್‌ಗಳ ದೋಷಪರೀಕ್ಷಾ ಮೊತ್ತವನ್ನು ಕಾರ್ಡ್ ಸಾಮಾನ್ಯವಾಗಿ ತಾನೇ ಪರೀಕ್ಷಿಸಿ ಕಳಚಿರುತ್ತದೆ. 60ಕ್ಕೆ 4 ಸೇರಿಸಿ, ಲೆಕ್ಕ ಸರಿಹೋಯಿತು.

ಇಷ್ಟಾದ ಮೇಲೆ ‘64 ಏಕೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇತಿಹಾಸಕ್ಕೆ ಜಾಗ ಇದು. ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ರೇಡಿಯೊ ಮೂಲಕ ನಡೆಸಿದ ಅಲೋಹಾ ಜಾಲದಲ್ಲಿ ಯಾರು ಯಾವಾಗ ಬೇಕಾದರೂ ಕಳುಹಿಸಬಹುದಿತ್ತು. ಇಬ್ಬರು ಒಟ್ಟಿಗೆ ಕಳುಹಿಸಿದಾಗ ಆಗುವ ಡಿಕ್ಕಿಗಳಿಂದಾಗಿ ಅಂಥ ವಾಹಿನಿಯ ಗರಿಷ್ಠ ಬಳಕೆ ಶೇ 18ರ ಆಸುಪಾಸಿಗೇ ನಿಲ್ಲುತ್ತದೆ. ಆ ವಿಚಾರವನ್ನು ತಂತಿಗೆ ತಂದವರು ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದ್ದ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್. 1973ರಲ್ಲಿ ಶುರುವಾದ ಅವರ ಪ್ರಾಯೋಗಿಕ ಜಾಲವಾದ ಈಥರ್‌ನೆಟ್‌ನ ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಕಳುಹಿಸುವ ಮೊದಲು ಕಿವಿಗೊಡು, ಕಳುಹಿಸುವಾಗಲೂ ಕಿವಿಗೊಡು ಎಂಬುದು ಅವರು ಸೇರಿಸಿದ ಶಿಸ್ತು. ಮುಂದೆ 10 ಮೆಗಾಬಿಟ್‌ನ ಮಾನದಂಡ ಬಂದಾಗ, ಎರಡೂವರೆ ಕಿಲೋಮೀಟರ್ ದೂರದ ತುದಿಯಲ್ಲಿ ಆದ ಡಿಕ್ಕಿಯ ಸುದ್ದಿ ಮರಳಿ ಬರುವವರೆಗೆ ಕಳುಹಿಸುವವರು ಕಳುಹಿಸುತ್ತಲೇ ಇರಬೇಕಿತ್ತು. ಅದಕ್ಕಾಗಿ ಗೊತ್ತುಮಾಡಿದ ಅವಧಿ 51.2 ಮೈಕ್ರೊಸೆಕೆಂಡ್. ಅಷ್ಟರಲ್ಲಿ ಹೋಗುವುದು 512 ಬಿಟ್, ಅಂದರೆ 64 ಬೈಟ್.

ನಮ್ಮಲ್ಲಿ ಅನೇಕರು ಈ ಡಿಕ್ಕಿ ಪ್ರಕರಣಕ್ಕೆ ತರಗತಿಯ ಮೇಲೆ ತರಗತಿ ಸುರಿಯುತ್ತೇವೆ, ಸೂತ್ರಗಳನ್ನೂ ಬರೆಸುತ್ತೇವೆ. ಇದು ಅತಿಯಾಯಿತೆಂದು ನನ್ನ ಅಭಿಪ್ರಾಯ. ಸ್ವಿಚ್ಚಿನ ಪ್ರತಿ ಪೋರ್ಟಿನಲ್ಲೂ ಪೂರ್ಣ ಡ್ಯುಪ್ಲೆಕ್ಸ್, ಅಂದರೆ ಏಕಕಾಲಕ್ಕೆ ಕಳುಹಿಸುವ ಮತ್ತು ಪಡೆಯುವ ಸೌಲಭ್ಯ, ಇರುವಾಗ ಡಿಕ್ಕಿಗೆ ಆಸ್ಪದವೇ ಇಲ್ಲ. 2002ರ 10 ಗಿಗಾಬಿಟ್ ಮಾನದಂಡ ಡಿಕ್ಕಿ ಪತ್ತೆಹಚ್ಚುವ ಆ ವಿಧಾನವನ್ನು ಪೂರ್ತಿಯಾಗಿ ಕೈಬಿಟ್ಟಿದೆ. 64ರ ಹಿನ್ನೆಲೆ ಹೇಳಲು, ಮುಂದೆ ವೈಫೈ ಪಾಠದಲ್ಲಿ ‘ತಾನು ಪ್ರಸಾರ ಮಾಡುವಾಗ ಬೇರೆಯವರದು ಕೇಳಿಸುವುದಿಲ್ಲ, ಆದ್ದರಿಂದ ಡಿಕ್ಕಿಯನ್ನು ಪತ್ತೆಹಚ್ಚುವ ಬದಲು ತಪ್ಪಿಸಲು ನೋಡುತ್ತದೆ’ ಎಂದು ಹೇಳಲು ಎಷ್ಟು ಬೇಕೋ ಅಷ್ಟು ಸಾಕು. ಸರದಿಯ ಪ್ರಕಾರ ಕಳುಹಿಸುವ ಹಳೆಯ ಜಾಲವಾದ ಟೋಕನ್ ರಿಂಗ್‌ಗೆ ಒಂದು ವಾಕ್ಯ. ಪಠ್ಯಕ್ರಮ ಹಟ ಹಿಡಿದರೆ ಎರಡು.

ಹೀಗೆ ಉಳಿದ ಸಮಯವನ್ನು ಸ್ವಿಚ್ಚಿಗೆ ಕೊಡಿ. ಯಾವ ಮ್ಯಾಕ್ ವಿಳಾಸ ಯಾವ ಪೋರ್ಟಿನಿಂದ ಬಂತೆಂದು ಅದು ಬರೆದಿಟ್ಟುಕೊಳ್ಳುವ ಪಟ್ಟಿಯನ್ನು ಮೊದಲು ವಿದ್ಯಾರ್ಥಿಗಳೇ ಕಾಗದದ ಮೇಲೆ ತುಂಬಲಿ, ಆಮೇಲೆ ಸ್ವಿಚ್ಚಿನಲ್ಲಿರುವುದರೊಡನೆ ಹೋಲಿಸಲಿ. ನಂತರ, ಕಾಲೇಜಿನ ಜಾಲಕ್ಕೆ ಯಾವ ರೀತಿಯಲ್ಲೂ ತಗುಲಿಲ್ಲದ ಒಂದು ಸಾದಾ ಸ್ವಿಚ್ಚಿನಲ್ಲಿ ಎರಡು ಪೋರ್ಟ್‌ಗಳನ್ನು ಒಂದೇ ಕೇಬಲ್‌ನಿಂದ ಜೋಡಿಸಿ, ಮತ್ತೊಮ್ಮೆ ಪಿಂಗ್ ಮಾಡಿಸಿ. ಒಂದೇ ಒಂದು ಎಆರ್‌ಪಿ ಪ್ರಶ್ನೆ ಸುತ್ತತೊಡಗುತ್ತದೆ, ದೀಪಗಳೆಲ್ಲ ಮಿಣುಕುವುದನ್ನೂ ಮರೆತು ಉರಿಯುತ್ತವೆ, ವೈರ್‌ಶಾರ್ಕ್‌ನ ಎಣಿಕೆ ಕಣ್ಣಿಗೆ ನಿಲುಕುವುದಿಲ್ಲ. ಇದು ಏಕೆ ತಾನಾಗಿ ನಿಲ್ಲುವುದಿಲ್ಲ? ಐಪಿ ಶಿರೋಭಾಗದಲ್ಲಿ ಪ್ರತಿ ರೂಟರ್ (ಜಾಲದಿಂದ ಜಾಲಕ್ಕೆ ದಾಟಿಸುವ ಸಾಧನ) ದಾಟಿದಾಗಲೂ ಕಡಿಮೆಯಾಗಿ, ಸೊನ್ನೆಯಾದಾಗ ಸಂದೇಶವನ್ನೇ ಕೈಬಿಡಿಸುವ ಟಿಟಿಎಲ್ ಎಂಬ ಎಣಿಕೆ ಇದೆ, ಈಥರ್‌ನೆಟ್ ಶಿರೋಭಾಗದಲ್ಲಿ ಅಂಥದ್ದೇನೂ ಇಲ್ಲ. ಕೇಬಲ್ ಕೀಳುವವರೆಗೆ ಸುತ್ತುತ್ತಲೇ ಇರುತ್ತದೆ. ಇದನ್ನು ಕಣ್ಣಾರೆ ಕಂಡವರಿಗೆ, ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ, ಸುತ್ತು ಕಡಿಯುವ ಸ್ಪ್ಯಾನಿಂಗ್ ಟ್ರೀ ವಿಧಾನ ಯಾವ ಕಾಯಿಲೆಗೆ ಮದ್ದೆಂದು ಬೇರೆ ಹೇಳಬೇಕಿಲ್ಲ.

ಕೇಬಲ್ ವಿಷಯ. ಕೇಬಲ್ ತುದಿಗೆ ಕನೆಕ್ಟರ್ ಒತ್ತಿ ಕೂಡಿಸುವ ಕ್ರಿಂಪಿಂಗ್ ಮಾಡಿಸುವುದನ್ನು ಕೆಲವರು ಕೀಳು ಕೆಲಸವೆಂಬಂತೆ ನೋಡುತ್ತಾರೆ. ಆದರೆ ಅಲ್ಲೊಂದು ಸೊಗಸಾದ ಪಾಠವಿದೆ. ಎಂಟು ತಂತಿಗಳನ್ನು ಜೋಡಿ ಜೋಡಿಯಾಗಿ ಸಾಲಾಗಿ, ಅಂದರೆ 1-2, 3-4, 5-6, 7-8 ಎಂದು ಎರಡೂ ತುದಿಗೆ ಹಾಕಿಸಿ. ಸಾಮಾನ್ಯ ಟೆಸ್ಟರ್‌ನಲ್ಲಿ ಎಂಟೂ ದೀಪ ಸರಿಯಾಗಿಯೇ ಉರಿಯುತ್ತವೆ. ತುಂಡು ಕೇಬಲ್ ಆದರೆ ಕೆಲಸವೂ ಮಾಡಿಬಿಡಬಹುದು. ಉದ್ದ ಹೆಚ್ಚಿದಂತೆ ದೋಷಗಳು ಏರುತ್ತವೆ, ಏಕೆಂದರೆ ಸಂಕೇತ ಹೋಗುವುದು 3 ಮತ್ತು 6ರ ಜೋಡಿಯಲ್ಲಿ, ಇಲ್ಲಿ ಅವೆರಡೂ ಒಂದಕ್ಕೊಂದು ಹೆಣೆದುಕೊಂಡಿಲ್ಲ. ತಂತಿಗಳನ್ನು ತಿರುಚಿರುವುದು ಏಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಬೇಕೆಂದೇ ಕೆಡಿಸಿಟ್ಟ ಜಾಲಗಳಲ್ಲಿ ನನಗೆ ಪ್ರಿಯವಾದದ್ದು ಸಬ್‌ನೆಟ್ ಮಾಸ್ಕ್‌ನದು. ಐಪಿ ವಿಳಾಸದ ಮೊದಲ ಎಷ್ಟು ಬಿಟ್ ಜಾಲವನ್ನು ಸೂಚಿಸುತ್ತವೆಂದು ಹೇಳುವುದೇ ಈ ಮಾಸ್ಕ್. ಒಂದು ಯಂತ್ರಕ್ಕೆ 192.168.1.10, ಮಾಸ್ಕ್ 24 ಬಿಟ್. ಇನ್ನೊಂದಕ್ಕೆ 192.168.1.200, ಮಾಸ್ಕ್ 25 ಬಿಟ್. ಎರಡನೆಯದಕ್ಕೆ ಗೇಟ್‌ವೇ (ಬೇರೆ ಜಾಲಕ್ಕೆ ದಾರಿಯಾಗುವ ರೂಟರಿನ ವಿಳಾಸ) ಕೊಡಬೇಡಿ. ಮೊದಲನೆಯ ಯಂತ್ರದ ಎಣಿಕೆಯಲ್ಲಿ ಎರಡನೆಯದು ಪಕ್ಕದಲ್ಲೇ ಇದೆ, ಎರಡನೆಯದರ ಎಣಿಕೆಯಲ್ಲಿ ಮೊದಲನೆಯದು ಬೇರೆ ಜಾಲದ್ದು. ಮೊದಲನೆಯದರಿಂದ ಪಿಂಗ್ ಮಾಡಿದರೆ, ಪ್ರಶ್ನೆ ಎರಡನೆಯದಕ್ಕೆ ಬಂದು ತಲುಪುವುದು ವೈರ್‌ಶಾರ್ಕ್‌ನಲ್ಲಿ ಕಾಣುತ್ತದೆ, ಪಿಂಗ್ ಉತ್ತರಕ್ಕೆ ಮಾತ್ರ ಹೋಗಲು ದಾರಿಯಿಲ್ಲ. ಈಗ ಗೇಟ್‌ವೇ ಕೊಡಿ. ಉತ್ತರ ರೂಟರನ್ನು ಬಳಸಿಕೊಂಡು ಸುತ್ತಿ ಬರುತ್ತದೆ, ಪಿಂಗ್ ಯಶಸ್ವಿ, ದೋಷ ಮಾತ್ರ ಅಲ್ಲೇ ಅಡಗಿ ಕೂತಿದೆ. ಡ್ಯುಪ್ಲೆಕ್ಸ್ ಹೊಂದಾಣಿಕೆ ತಪ್ಪಿಸುವುದೂ (ಒಂದು ತುದಿ ಪೂರ್ಣ, ಇನ್ನೊಂದು ಅರ್ಧ) ಇದೇ ಜಾತಿಯದು: ಪಿಂಗ್ ಸರಾಗ, ದೊಡ್ಡ ಕಡತ ಕಳುಹಿಸಿದರೆ ಆಮೆವೇಗ.

ಸಲಕರಣೆ ಸಾಲದು ಎನ್ನುವವರಿಗೆ ಒಂದು ಮಾತು. ಲಿನಕ್ಸ್‌ನ ನೆಟ್‌ವರ್ಕ್ ನೇಮ್‌ಸ್ಪೇಸ್‌ಗಳಿಂದ, ಅಂದರೆ ಒಂದೊಂದೂ ಬೇರೆ ಕಂಪ್ಯೂಟರಿನಂತೆ ವರ್ತಿಸುವ ಪ್ರತ್ಯೇಕ ಜಾಲಭಾಗಗಳಿಂದ, ಒಂದೇ ಯಂತ್ರದೊಳಗೆ ಹತ್ತು ಹೋಸ್ಟ್‌ಗಳ (ಕಂಪ್ಯೂಟರುಗಳ) ಜಾಲ ಕಟ್ಟಬಹುದು, ಸ್ವಿಚ್ ಪಾಠಕ್ಕೂ ಮಾಸ್ಕ್ ಪಾಠಕ್ಕೂ ಅದು ಧಾರಾಳವಾಯಿತು. ಆದರೆ ಅಲ್ಲಿ ಕೇಬಲ್ ಇಲ್ಲ, ಕಾರ್ಡೂ ಇಲ್ಲ. ನಾನು ಮೊದಲು ಹೇಳಿದ ಎಆರ್‌ಪಿ ಉತ್ತರ ಅಲ್ಲಿ 60 ಅಲ್ಲ, 42 ಬೈಟೇ ಕಾಣುತ್ತದೆ. ಏಕೆಂದು ವಿದ್ಯಾರ್ಥಿಗಳನ್ನೇ ಕೇಳಿ.

ಇನ್ನು ಪರೀಕ್ಷೆ. ಪ್ರಶ್ನೆಪತ್ರಿಕೆ ಬದಲಾಗದೆ ಓದುವ ರೀತಿ ಬದಲಾಗದು. ಪದರಗಳನ್ನು ವಿವರಿಸಿ ಎನ್ನುವ ಬದಲು ಹಿಡಿದಿಟ್ಟ ಫ್ರೇಮ್‌ಗಳ ಒಂದು ಪುಟ ಮುದ್ರಿಸಿ ಕೊಡಿ: ಒಂದೇ ವಿಳಾಸಕ್ಕೆ ಸೆಕೆಂಡಿಗೊಂದರಂತೆ ಮೂರು ಎಆರ್‌ಪಿ ಪ್ರಶ್ನೆ, ಉತ್ತರ ಒಂದೂ ಇಲ್ಲ. ಕಾರಣ ಏನೇನಿರಬಹುದು, ಯಾವುದನ್ನು ಮೊದಲು ಪರೀಕ್ಷಿಸುತ್ತೀರಿ, ಏಕೆ? ಇಂಥ ಉತ್ತರಗಳ ಮೌಲ್ಯಮಾಪನ ಹೆಚ್ಚು ಹೊತ್ತು ಹಿಡಿಯುತ್ತದೆ, ಸಿದ್ಧ ಮಾದರಿ ಉತ್ತರ ಇಟ್ಟುಕೊಂಡು ಗುರುತು ಹಾಕುತ್ತಾ ಹೋಗಲು ಆಗುವುದಿಲ್ಲ. ಅಂಕಗಳಲ್ಲಿ ಅರ್ಧವನ್ನು ಕಾರಣಗಳ ಪಟ್ಟಿಗೆ, ಇನ್ನರ್ಧವನ್ನು ಪರೀಕ್ಷಿಸುವ ಕ್ರಮಕ್ಕೆ ಮೀಸಲಿಡಿ. ಪಟ್ಟಿ ಉದ್ದವಾಗಿದ್ದು ಕ್ರಮವೇ ಇಲ್ಲದಿದ್ದರೆ ಆ ಇನ್ನರ್ಧವನ್ನು ಕೊಡಬೇಡಿ.