ತೋಳದ ಗವಿಯ ಕಿಟಕಿ

ಕೇಳುಗರಿಗೆ ನಮಸ್ಕಾರ. ಯುರೋಪ್ ಪ್ರವಾಸಕ್ಕೆ ಹೊರಟವರು ಪೋಲೆಂಡಿಗೂ ಹೋಗುವುದಾದರೆ, ಕೆಂಟ್ಶಿನ್ ಊರಿನ ಪಕ್ಕದ ಕಾಡನ್ನು ತಪ್ಪಿಸಬೇಡಿ. ಹಿಟ್ಲರನ ಗುಪ್ತ ಸೇನಾ ಕಚೇರಿ 'ತೋಳದ ಗವಿ' ಇದ್ದದ್ದು ಅಲ್ಲೇ. 1941ರ ಜೂನ್‌ನಿಂದ 1944ರ ನವೆಂಬರ್‌ವರೆಗೆ ಆತ 800ಕ್ಕೂ ಹೆಚ್ಚು ದಿನ ಅಲ್ಲಿ ಕಳೆದ.

ಹೋದವರೆಲ್ಲ ಅಲ್ಲಿನ ದೈತ್ಯ ಕಾಂಕ್ರೀಟ್ ಬಂಕರುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಎಂಟು ಮೀಟರ್ ದಪ್ಪವಂತೆ, ಅಬ್ಬಬ್ಬಾ! ಮೂವತ್ತು ವರ್ಷ ಕಾಂಕ್ರೀಟ್ ಹಾಕಿಸಿದವನು ಹೇಳುತ್ತಿದ್ದೇನೆ: ಗೋಡೆಯನ್ನು ಬಿಡಿ, ಕಿಟಕಿಯನ್ನು ನೋಡಿ. ಕಿಟಕಿ ಈಗ ಉಳಿದಿಲ್ಲ, ಆ ಮಾತು ಬೇರೆ.

1944ರ ಜುಲೈ 20. ವಿಪರೀತ ಸೆಕೆ. ಹಿಟ್ಲರನ ಬಂಕರಿಗೆ ಇನ್ನಷ್ಟು ಕಾಂಕ್ರೀಟ್ ಮೆತ್ತುವ ಕೆಲಸ ನಡೆದಿತ್ತು. ಹಿಟ್ಲರನ ಸಭೆ ಕೂಡಿದ್ದು ಮರದ ಬ್ಯಾರಕಿನಲ್ಲಿ, ಕಿಟಕಿಗಳೆಲ್ಲ ತೆರೆದಿದ್ದವು. ಹಿಟ್ಲರನನ್ನು ಕೊಲ್ಲಬೇಕೆಂದು ಅವನದೇ ಸೇನೆಯ ಅಧಿಕಾರಿ ಕರ್ನಲ್ ಸ್ಟೌಫೆನ್‌ಬರ್ಗ್ ಚೀಲದಲ್ಲಿ ಬಾಂಬ್ ಇಟ್ಟುಕೊಂಡು ಬಂದ. ಯುದ್ಧದಲ್ಲಿ ಒಂದು ಕಣ್ಣು, ಬಲಗೈ, ಎಡಗೈಯ ಎರಡು ಬೆರಳು ಕಳೆದುಕೊಂಡವನು. ಉಳಿದ ಮೂರೇ ಬೆರಳಿನಲ್ಲಿ ಇಕ್ಕಳ ಹಿಡಿದು ಬಾಂಬ್ ಸಿದ್ಧ ಮಾಡಬೇಕು! ತಂದದ್ದು ಎರಡು, ಅಷ್ಟರಲ್ಲಿ ಯಾರೋ ಬಂದು ಅವಸರ ಮಾಡಿದರು, ಸಿದ್ಧವಾದದ್ದು ಒಂದೇ. ಚೀಲವನ್ನು ಮೇಜಿನಡಿ ಇಟ್ಟು, ಫೋನ್ ನೆಪ ಹೇಳಿ ಹೊರಬಿದ್ದ. ಆಮೇಲೆ ಅಧಿಕಾರಿಯೊಬ್ಬ ಕಾಲಿಗೆ ತೊಡರುತ್ತದೆಂದು ಚೀಲವನ್ನು ಮೇಜಿನ ದಪ್ಪ ಕಾಲಿನ ಆಚೆಗೆ ಸರಿಸಿದ. 12 ಗಂಟೆ 42 ನಿಮಿಷಕ್ಕೆ ಸಿಡಿಯಿತು. ನಾಲ್ವರು ಸತ್ತರು. ಹಿಟ್ಲರನಿಗೆ ಕಿವಿತಮಟೆ ಹರಿಯಿತು, ಪ್ಯಾಂಟು ಚಿಂದಿಯಾಯಿತು, ಅಷ್ಟೇ. ಅದೇ ಮಧ್ಯಾಹ್ನ ಇಟಲಿಯ ಸರ್ವಾಧಿಕಾರಿ ಮುಸೊಲಿನಿಗೆ ಆ ಕೋಣೆ ತೋರಿಸಿದ!

ದೀಪಾವಳಿಯಲ್ಲಿ ಪಟಾಕಿಯನ್ನು ಡಬ್ಬಿಯೊಳಗಿಟ್ಟು ಹಚ್ಚಿದ ಹುಡುಗರಿಗೆ ಇದನ್ನು ವಿವರಿಸಬೇಕಿಲ್ಲ. ಮುಚ್ಚಿದ ಬಂಕರಿನಲ್ಲಾಗಿದ್ದರೆ ಸ್ಫೋಟದ ಒತ್ತಡಕ್ಕೆ ಒಬ್ಬನೂ ಉಳಿಯುತ್ತಿರಲಿಲ್ಲ. ಇಲ್ಲಿ ಒತ್ತಡ ಹೊರಕ್ಕೆ ಹಾರಿಹೋಯಿತು. ಎಲ್ಲಿಂದ? ಕಿಟಕಿಯಿಂದ.

ಅಯ್ಯೋ, ಆಗಲೇ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. 1945ರ ಜನವರಿಯಲ್ಲಿ, ರಷ್ಯನ್ನರು ಬರುವ ಮುನ್ನ, ಜರ್ಮನ್ನರೇ ಬಂಕರುಗಳನ್ನು ಸಿಡಿಸಿದರು. ಈಗ ಕಾಣುವುದು ಆ ಚೂರುಗಳು. ಸುತ್ತ ಹೂತಿದ್ದ ನೆಲಬಾಂಬ್ ತೆಗೆಯಲು ವರ್ಷಗಳೇ ಹಿಡಿದವು. ಬಿರುಕುಗಳೊಳಗೆ ನುಸುಳಬೇಡಿ, ಎಚ್ಚರಿಕೆಯ ಫಲಕ ಸುಮ್ಮನೆ ಹಾಕಿಲ್ಲ. ಬ್ಯಾರಕ್ ಇದ್ದ ಜಾಗದಲ್ಲಿ ತೆರೆದ ಪುಸ್ತಕದಂಥ ಒಂದು ಸ್ಮಾರಕ ಕಲ್ಲಿದೆ. ಫೋಟೊ ತೆಗೆಯುವುದಾದರೆ ಅದರದ್ದು ತೆಗೆಯಿರಿ. ಮತ್ತೆ, ಸುತ್ತ ಜೌಗು, ಕೆರೆ. ಬೇಸಿಗೆಯಲ್ಲಿ ಹೋದರೆ ಸೊಳ್ಳೆ ಮುಲಾಮು ಮರೆಯಬೇಡಿ. ನಮಸ್ಕಾರ.